ಆಕಾಶದಿಂದ ತೆಗೆದ ಹೊಲದ ಪಟ

ಮಾಗಡಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಅದಕ್ಕೆ ಇಂಟರ್ನೆಟ್ ಹಾಕಿಸಿದ ಮೇಲೆ ನಾನು ಗಾಬರಿ ಬೀಳದ ವಾರವೇ ಇರಲಿಲ್ಲ. ಆಗ ರಾಮನಗರದ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ನಮ್ಮ ಕಡೆಗೂ ಬರುತ್ತವೆ ಅಂತ ಸುದ್ದಿ. ಅದೇ ಹೊತ್ತಿಗೆ ಆಕಾಶದಿಂದ ಊರು ತೋರಿಸುವ ಮ್ಯಾಪಿನ ವೆಬ್‌ಸೈಟೂ ಬಂತು. ಜನ ತಮ್ಮ ಜಮೀನು ನೋಡೋಕೆ ಬರೋರು, ನೋಡಿದ ಮೇಲೆ "ಇದನ್ನ ತೆಗೆದುಕೊಡಪ್ಪ" ಅನ್ನೋರು. ನಾನು ಕೀಬೋರ್ಡಿನಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿ, ಆ ಚಿತ್ರ ಕಾಪಿ ಮಾಡಿಕೊಂಡು, ಬೇಕಾದಷ್ಟು ಕತ್ತರಿಸಿ ಕಲರ್ ಪ್ರಿಂಟ್ ಕೊಡುತ್ತಿದ್ದೆ. ಕೆಲಸ ಇಷ್ಟೇ. ಇಷ್ಟರಲ್ಲೇ ಏನೇನಾಯಿತು ಅಂತ ಕೇಳಿ.

ಹೊಲದ ಮೇಲೆ ಹೆಸರು

ರಾಮನಗರ ರಸ್ತೆಯ ಕಡೆಯ ರೈತರೊಬ್ಬರು ತಮ್ಮ ರಾಗಿ ಹೊಲದ ಪಟ ತೆಗೆಸಿಕೊಂಡು ಖುಷಿಯಾಗಿ ಹೋದರು. ಮಧ್ಯಾಹ್ನದ ಹೊತ್ತಿಗೆ ಅಣ್ಣತಮ್ಮಂದಿರನ್ನೆಲ್ಲ ಕರೆದುಕೊಂಡು ವಾಪಸ್ ಬಂದರು. ಯಾರ ಮುಖದಲ್ಲೂ ರಕ್ತ ಇಲ್ಲ.

"ಏನಾಯ್ತು ಯಜಮಾನ್ರೇ?"

ಅವರು ಪಟವನ್ನು ಮೇಜಿನ ಮೇಲೆ ಹಾಸಿ ಬೆರಳಿಟ್ಟರು. ಹೊಲದ ನಡುವೆ ತೆಳ್ಳಗೆ ಇಂಗ್ಲಿಷಿನಲ್ಲಿ ಆ ಮ್ಯಾಪಿನ ಕಂಪನಿಯ ಹೆಸರು. ಚಿತ್ರ ಯಾರದು ಅಂತ ತಿಳಿಸೋಕೆ ವೆಬ್‌ಸೈಟಿನವರು ಎಲ್ಲ ಚಿತ್ರದ ಮೇಲೂ ಹಾಕುವ ಗುರುತು ಅದು.

"ಮಗಳ ಕೈಲಿ ಓದಿಸ್ದೆ. ಕಂಪನಿ ಅಂತ ಐತಂತೆ. ನಾವು ಯಾರೂ ರುಜು ಹಾಕಿಲ್ಲ. ಯಾವಾಗ ಬರೆಸ್ಕೊಂಡ್ರು?"

ಜಮೀನು ಹೋಗೇ ಹೋಯಿತು ಅಂತ ಅವರ ತಮ್ಮನಿಗೆ ಕಣ್ಣಲ್ಲಿ ನೀರು. ನನಗೆ ನಗು ಬರಲಿಲ್ಲ, ಭಯ ಆಯಿತು. ಅದು ಎಲ್ಲರ ಜಾಗದ ಮೇಲೂ ಇರುತ್ತೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಮಾಗಡಿಯ ತಾಲ್ಲೂಕು ಆಫೀಸನ್ನೇ ತೆರೆದು ತೋರಿಸಿದೆ. ಅದರ ಮೇಲೂ ಅದೇ ಹೆಸರು.

ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಅವರ ದೊಡ್ಡಣ್ಣ ಮೆಲ್ಲಗೆ ಕೇಳಿದರು:

"ತಾಲ್ಲೂಕಾಫೀಸ್ನೂ ಮಾರ್ಬುಟ್ರಾ?"

ಬೆಟ್ಟ ಐತಾ

ಸಾವನದುರ್ಗದ ಬುಡದಲ್ಲಿ ತಿಂಡಿ ಹೋಟೆಲ್ ಇಟ್ಟುಕೊಂಡಿದ್ದವರೊಬ್ಬರಿಗೆ ಗೋಡೆಗೆ ಹಾಕೋಕೆ ಬೆಟ್ಟದ ಪಟ ಬೇಕಿತ್ತು. ಮ್ಯಾಪು ತೆರೆದೆ. ಮೇಲಿಂದ ನೋಡಿದರೆ ಎಂಥ ಬೆಟ್ಟಕ್ಕೂ ಎತ್ತರ ಇರೋದಿಲ್ಲ. ಅಷ್ಟು ದೊಡ್ಡ ಬಂಡೆ, ಚೆಲ್ಲಿದ ಗಂಜಿ ಒಣಗಿದ ಹಾಗೆ ಬಿದ್ದಿತ್ತು.

"ಬೆಟ್ಟ ಎಲ್ಲಿ?" ಅಂದರು.

"ಇದೇ ಅಣ್ಣ."

"ಇದು ಚಪ್ಪಟೆಗೈತಲ್ಲಪ್ಪ. ಕಲ್ಲು ಕ್ವಾರಿಯೋರು ಕೆಲಸ ಮುಗಿಸ್ಬುಟ್ರಾ?"

ನಾನು ಬಾಯಿ ತೆರೆಯುವುದರೊಳಗೆ ಮೊಬೈಲ್ ತೆಗೆದು ಹೆಂಡತಿಗೆ ಫೋನ್ ಹಚ್ಚಿದರು. "ಇವಳೇ, ಒಸಿ ಆಚೆ ಬಂದು ನೋಡು. ಬೆಟ್ಟ ಐತಾ?"

ಆಕೆಯ ದನಿ ನನಗೂ ಕೇಳಿಸಿತು. "ಐತೆ. ಯಾಕೆ, ಕಳಿಸ್ಬೇಕಾ?"

ಟಗರು

ಕುರಿ ಸಾಕುವವರೊಬ್ಬರು ಒಂದು ಬೆಳಿಗ್ಗೆ ಬಂದು ಎದುರಿಗೆ ಕೂತರು. ಮಗುವಿನ ಹಾಗೆ ಸಾಕಿದ್ದ ಟಗರು ಕಳುವಾಗಿತ್ತು. ಊಟ ಬಿಟ್ಟಿದ್ದರು ಅಂತ ಮುಖವೇ ಹೇಳುತ್ತಿತ್ತು.

"ನಿನ್ನ ಕಂಪ್ಯೂಟ್ರಲ್ಲಿ ಊರೆಲ್ಲ ಕಾಣ್ತದಂತೆ. ನನ್ನ ಟಗರು ಯಾರ ಹಟ್ಟೀಲೈತೆ ನೋಡು."

ಇದು ಯಾವತ್ತೋ ತೆಗೆದ ಚಿತ್ರ, ಈಗಿನದಲ್ಲ ಅಂದೆ. ಆದರೂ ತೋರಿಸು ಅಂದರು. ಅವರ ಊರು ತೆರೆದೆ. ಒಂದಷ್ಟು ಹೆಂಚು, ಒಂದಷ್ಟು ಹುಲ್ಲಿನ ಬಣವೆ, ಅಲ್ಲಲ್ಲಿ ಬಿಳಿ ಚುಕ್ಕಿ. ಚುಕ್ಕಿ ಕಲ್ಲೋ ಕುರಿಯೋ ದೇವರೇ ಬಲ್ಲ. ಅವರು ಬಹಳ ಹೊತ್ತು ನೋಡಿ, "ಒಂದು ಕಾಪಿ ಕೊಡು" ಅಂದರು. ಕೊಟ್ಟೆ.

ಆ ಕಾಪಿಯನ್ನು ಸಂಜೆ ಅರಳಿಕಟ್ಟೆಯಲ್ಲಿ ಹಿಡಿದು ನಿಂತು, "ಕದ್ದೋನ ಮನೆ ಇದ್ರಾಗೆ ಬಂದೈತೆ. ನಾಳೆ ದೊಡ್ಡದಾಗಿ ತೆಗೆಸ್ಕೊಂಡು ಬತ್ತೀನಿ, ಆಗ ಮುಖಾನೂ ಕಾಣ್ತದೆ" ಅಂದರಂತೆ.

ಮಾರನೆಯ ದಿನ ಮತ್ತೆ ಬಂದರು. ಬೆಳಗಾಗುವಷ್ಟರಲ್ಲಿ ಯಾರೋ ಟಗರನ್ನು ತಂದು ಅವರ ಬಾಗಿಲಲ್ಲಿ ಕಟ್ಟಿ ಹೋಗಿದ್ದರಂತೆ. ಆದರೆ ಅವರ ಮುಖದಲ್ಲಿ ಇನ್ನೂ ಯೋಚನೆ.

"ಮತ್ತೇನಣ್ಣ?"

"ಟಗರಿನ ಪಕ್ಕ ಒಂದು ತಾಮ್ರದ ಹಂಡೆನೂ ಇಟ್ಟೋಗವ್ರೆ ಕಣಪ್ಪ. ಅದು ನಂದಲ್ಲ. ಯಾರ್ದು ಅಂತ ಒಸಿ ನೋಡಿ ಹೇಳು."

ಹಸಿರು ತೋಟ

ಒಬ್ಬ ಯಜಮಾನರು ಮಗನಿಗೆ ಹೆಣ್ಣು ಗೊತ್ತು ಮಾಡುತ್ತಿದ್ದರು. ಹೆಣ್ಣಿನ ಕಡೆಯವರಿಗೆ ಆಸ್ತಿ ತೋರಿಸೋಕೆ ಪಟ ಬೇಕು ಅಂತ ಬಂದರು. ಅವರು ಹೇಳಿದ ಹಾಗೆ ಕಲ್ಯ ಊರಿನ ಕಡೆಗೆ ಮ್ಯಾಪು ಸರಿಸಿದೆ. ಒಂದು ಕಡೆ ಬರೀ ಕೆಂಪು ಮಣ್ಣು, ಇನ್ನೊಂದು ಕಡೆ ಒತ್ತಾಗಿ ಬೆಳೆದ ಹಸಿರು ತೋಟ. ಅವರು ಹಸಿರಿನ ಮೇಲೆ ಬೆರಳಿಟ್ಟು, "ಇದೇ ನಮ್ದು. ಬೇಲಿ ಬುಡದವರೆಗೂ ತೆಗಿ" ಅಂದರು. ನಾನು ಚೆನ್ನಾಗಿ ಕತ್ತರಿಸಿ, ದಪ್ಪ ಹಾಳೆಯ ಮೇಲೆ ಪ್ರಿಂಟ್ ಕೊಟ್ಟೆ.

ಒಂದು ವಾರಕ್ಕೆ ಹೆಣ್ಣಿನ ತಂದೆ ಅದೇ ಹಾಳೆ ಹಿಡಿದು ಬಂದರು. ಜೊತೆಗೆ ಮದುವೆ ಕುದುರಿಸುತ್ತಿದ್ದ ದಲ್ಲಾಳಿ. ಹೆಣ್ಣಿನ ತಂದೆ ಹಾಳೆಯನ್ನು ನನ್ನ ಮುಂದೆ ಹಾಸಿದರು.

"ಇದು ಎಲ್ಲೈತೆ ತೋರ್ಸಪ್ಪ."

ತೋರಿಸಿದೆ. "ಒಸಿ ಹತ್ರ ಮಾಡು." ಮಾಡಿದೆ. ಮೂಲೆಯಲ್ಲಿ ಒಂದು ದುಂಡು ಬಾವಿ, ಪಕ್ಕದಲ್ಲಿ ಶೀಟಿನ ಪಂಪ್‌ಹೌಸು. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ನೀರು ತಂದುಕೊಟ್ಟೆ.

"ಆ ಬಾವಿ ತೋಡ್ಸಿದ್ದು ನಮ್ಮಪ್ಪ. ಆ ಶೀಟು ಹೊಡೆದಿದ್ದು ನಾನು. ನನ್ನ ತೋಟಾನೇ ನಂಗೆ ತೋರ್ಸಿ ನನ್ನ ಮಗಳನ್ನ ಕೇಳ್ತವ್ರೆ."

ಗಂಡಿನವರು ಬೇಕಂತ ಮಾಡಿದರೋ, ಹಸಿರು ಕಂಡ ಕಡೆ ಬೆರಳಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸಂಬಂಧ ಮುರಿದೇ ಹೋಯಿತು ಅಂದುಕೊಂಡೆ. ಆದರೆ ದಲ್ಲಾಳಿ ಮಾತ್ರ ನಿಧಾನಕ್ಕೆ ಎಲೆ ಅಡಿಕೆ ಅಗಿಯುತ್ತಾ ಕೂತಿದ್ದ.

"ಇದ್ರಾಗೆ ಸುಳ್ಳೇನೈತೆ ಯಜಮಾನ್ರೇ?" ಅಂದ. "ನಿಮಗಿರೋಳು ಒಬ್ಬಳೇ ಮಗಳು. ನಾಳೆ ತೋಟ ಅವರದೇ ತಾನೆ? ಒಸಿ ಮುಂಚೆ ಪಟ ತೆಗೆಸವ್ರೆ, ಅಷ್ಟೆ."