ಅತ್ತೆಗೆ ಕೇಳಿಸಲೆಂದು ತಂದ ಸ್ಪೀಕರ್

ಬೈಲಹೊಂಗಲದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ‘ಶಬ್ದ’ ಎಂಬ ಪಾಠವನ್ನು ಎಷ್ಟು ವರ್ಷ ಕಲಿಸಿದ್ದೇನೆಂದರೆ, ಈಗ ಪುಸ್ತಕ ತೆರೆಯುವ ಗೋಜಿಗೇ ಹೋಗುವುದಿಲ್ಲ. ಹೀಗಾಗಿ ಮನೆಯಲ್ಲಿ ಸ್ಪೀಕರ್ ಕೊಳ್ಳುವ ಮಾತು ಬಂದಾಗ ಆ ಜವಾಬ್ದಾರಿ ಸಹಜವಾಗಿಯೇ ನನ್ನ ಹೆಗಲೇರಿತು. ಯಾರೂ ಏರಿಸಲಿಲ್ಲ, ನಾನೇ ಎಳೆದುಕೊಂಡೆ.

ಮಾತು ಬಂದದ್ದು ಅತ್ತೆಯ ಸಲುವಾಗಿ. ನನ್ನ ಹೆಂಡತಿ ಸುನಂದಾ ಚೆನ್ನಾಗಿ ಹಾಡುತ್ತಾಳೆ. ಹಾಡೆಲ್ಲ ತಾಯಿಯಿಂದ ಕಲಿತದ್ದು. ಈಗ ಆ ತಾಯಿಗೇ ಕಿವಿ ಕೇಳುವುದಿಲ್ಲ. ಮಗ ತಂದುಕೊಟ್ಟ ಕಿವಿ ಮಷೀನನ್ನು ಅವರು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಸೊಸೆಯ ಮಾತೂ ಕೇಳಿಸುತ್ತದಂತೆ.

“ಎಳ್ಳ ಅಮಾಸಿಗೆ ಎಲ್ಲಾರೂ ತಮ್ಮನ ಹೊಲಕ್ಕ ಕೂಡ್ತೇವಿ. ಈ ವರ್ಷ ಅವ್ವಗ ನಂದೊಂದರ ಹಾಡು ಕೇಳಿಸಬೇಕ್ರಿ,” ಎಂದಳು ಸುನಂದಾ.

“ಚಿಂತಿ ಬಿಡು. ಬಾಜೂ ಹೊಲದವರಿಗೂ ಕೇಳಿಸತೇನಿ,” ಎಂದೆ.

ನಮ್ಮೂರಿನ ಅಂಗಡಿಗಳಲ್ಲಿ ಕೂತವರು ಬಹುತೇಕ ನನ್ನ ಹಳೆಯ ವಿದ್ಯಾರ್ಥಿಗಳು. ಅವರಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲವೆಂಬುದು ನನ್ನ ಅನುಭವ. ಆದ್ದರಿಂದ ಸವದತ್ತಿಗೆ ಹೋದೆ. ಅಂಗಡಿಯ ಮಹಬೂಬಣ್ಣ ಇದ್ದುದರಲ್ಲೇ ದೊಡ್ಡದನ್ನು ತಂದಿಟ್ಟರು. ವೈರಿನ ಕಾಟವಿಲ್ಲ, ಚಾರ್ಜ್ ಮಾಡಿದರೆ ಸಾಕು. ಕೆಳಗೆ ಗಾಲಿ, ಮೇಲೆ ಹಿಡಿಕೆ, ಜೊತೆಗೊಂದು ಮೈಕು.

“ಹೊರಗ ಕಟ್ಟಿ ಮ್ಯಾಲ ಇಟ್ಟು ಹಚ್ಚಲೇನ್ರಿ ಸರ್?”

“ಬ್ಯಾಡ. ಪ್ರಯೋಗಕ್ಕ ಶಾಂತ ವಾತಾವರಣ ಬೇಕು. ಶಟರ್ ಇಳಸ್ರಿ.”

ಇಳಿಸಿದರು. ಆ ಗೂಡಿನಂಥ ಅಂಗಡಿಯಲ್ಲಿ ಸ್ಪೀಕರ್ ಒಮ್ಮೆ ಗುಡುಗಿತು ನೋಡಿ, ಗೋಡೆಯ ಗಡಿಯಾರ ಓರೆಯಾಯಿತು. ನನ್ನ ಎದೆಯೂ ಅದುರಿತು. ವಿಜ್ಞಾನಕ್ಕೆ ಇನ್ನೇನು ಪುರಾವೆ ಬೇಕು? ಕಟ್ಟಿಸಿಕೊಂಡು ಬಂದೆ.

ಅಮಾವಾಸ್ಯೆಯ ದಿನ ಎಲ್ಲರೂ ಎಂ.ಕೆ. ಹುಬ್ಬಳ್ಳಿ ರಸ್ತೆಯಲ್ಲಿರುವ ಸುನಂದಾಳ ತಮ್ಮ ಈರಣ್ಣನ ಹೊಲ ಸೇರಿದೆವು. ಅವನು ಹಿಂದಿನ ದಿನವಷ್ಟೇ ಜೋಳಕ್ಕೆ ನೀರು ಹಾಯಿಸಿದ್ದ. ಎರೆಮಣ್ಣು! ಎರಡು ಹೆಜ್ಜೆಗೆ ಸ್ಪೀಕರಿನ ಗಾಲಿಗಳು ರಾಗಿ ಮುದ್ದೆಯಾದವು. ಎಲ್ಲಿ ಬೇಕಾದರೂ ಒಯ್ಯಬಹುದೆಂದು ಡಬ್ಬಿಯ ಮೇಲೆ ಬರೆದಿತ್ತು, ಯಾರು ಹೊರಬೇಕೆಂದು ಬರೆದಿರಲಿಲ್ಲ. ನಾನೂ ಈರಣ್ಣನೂ ಏದುಸಿರು ಬಿಡುತ್ತ ಅದನ್ನು ಬನ್ನಿಗಿಡದ ಕೆಳಗೆ ತಂದು ಕೂರಿಸಿದೆವು.

ಪೂಜೆಯಾಯಿತು, ಭೂಮಿತಾಯಿಗೆ ನೈವೇದ್ಯವೆಂದು ಹೊಲದ ತುಂಬ ಚರಗ ಚೆಲ್ಲಿದ್ದಾಯಿತು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಊಟವೂ ಮುಗಿಯಿತು. ಸುನಂದಾ ಮೈಕು ಹಿಡಿದಳು. ನಾನು ಗುಂಡಿ ಒತ್ತಿದೆ. ಅವಳು ಹಾಡು ಶುರು ಮಾಡಿದ್ದೇ ತಡ, ಅತ್ತೆಯ ಕಡೆ ಗೆದ್ದವನಂತೆ ನೋಡಿದೆ.

ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಿಡದ ಮೇಲಿನ ಕಾಗೆ ಕೂಡ ಕದಲಲಿಲ್ಲ.

“ಮಾಮಾರ, ಚಾಲೂ ಮಾಡೀರೇನ್ರಿ?” ಎಂದ ಈರಣ್ಣ.

ಬಯಲಿನಲ್ಲಿ ಗೋಡೆಗಳಿಲ್ಲ, ಆದ್ದರಿಂದ ಶಬ್ದ ತಿರುಗಿ ಬರದೆ ಚದುರಿಹೋಗುತ್ತದೆ ಎಂದು ನಾನು ಶಾಸ್ತ್ರೀಯವಾಗಿ ವಿವರಿಸಿದೆ.

“ಇದು ಅಂಗಡ್ಯಾಗ ಇದ್ದಾಗ ಗೊತ್ತಿದ್ದಿಲ್ಲೇನ್ರಿ?” ಎಂದಳು ಸುನಂದಾ. ಒಳ್ಳೆಯ ಪ್ರಶ್ನೆ.

ದನಿಯನ್ನು ಪೂರ್ತಿ ಏರಿಸಿ ಎರಡನೆಯ ಹಾಡು ಶುರು ಮಾಡಿಸಿದೆ. ಅಷ್ಟರಲ್ಲಿ ರಸ್ತೆಯ ಮೇಲೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ಬಂತು. ಎರಡೂ ಮಗ್ಗುಲಿಗೆ ಟ್ರಂಕಿನಷ್ಟು ದೊಡ್ಡ ಸೌಂಡ್ ಬಾಕ್ಸು. ನಮ್ಮನ್ನು ಕಂಡ ಡ್ರೈವರ್ ಇದು ಪಂದ್ಯವೇ ಇರಬೇಕೆಂದು ತನ್ನದನ್ನು ಇನ್ನಷ್ಟು ಏರಿಸಿದ. ನಮ್ಮ ಹಾಡು ಅಡ್ರೆಸ್ಸಿಲ್ಲದೆ ಹೋಯಿತು.

ಟ್ರ್ಯಾಕ್ಟರಿನ ಅಬ್ಬರಕ್ಕೆ ಅತ್ತೆ ಥಟ್ಟನೆ ತಲೆಯೆತ್ತಿದರು. “ಸಣ್ಣಗ ಏನೋ ಕೇಳಸಾಕ ಹತ್ತೈತಿ. ನಮ್ಮ ಸುನಂದಾ ಹಾಡಾಕ ಹತ್ಯಾಳೇನ?”

ಸುನಂದಾಳ ಮುಖ ಬಾಡಿತು. ಮೈಕು ಇಳಿಸಿ ಬೆನ್ನು ತಿರುಗಿಸಿದಳು. ನನಗೆ ನಿಂತ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಹಸಿ ಎರೆಮಣ್ಣು, ತೆರೆಯಲೂಬಹುದಿತ್ತು.

ನೆಲದ ತಂಪಿಗೆ ಅತ್ತೆಯ ಮೊಣಕಾಲು ನೋಯತೊಡಗಿತೇನೋ, ಎದ್ದರು. ಕೂರಲು ಸುತ್ತ ಹುಡುಕಿದರು. ಸೀದಾ ಹೋಗಿ ನನ್ನ ಸ್ಪೀಕರಿನ ಮೇಲೆ ಕೂತರು.

“ಅತ್ತಿ, ಅದರ ಮ್ಯಾಲ ಬ್ಯಾಡ್ರಿ,” ಎಂದು ನಾನು ಓಡಿದೆ.

“ಕುಂದರಲಿ ಬಿಡ್ರಿ. ಅದಕ್ಕರ ಉಪಯೋಗ ಆಗಲಿ,” ಎಂದಳು ಸುನಂದಾ. ಟ್ರ್ಯಾಕ್ಟರ್ ದೂರವಾಗಿತ್ತು. ಯಾರಿಗಾಗಿಯೂ ಅಲ್ಲವೆಂಬಂತೆ, ಮೈಕಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಅವಳು ಮೆಲ್ಲಗೆ ಇನ್ನೊಂದು ಹಾಡು ಹಿಡಿದಳು. ನಡುವೆ ಅಳು ಬಂದು ಬೆರಳು ತಡವರಿಸಿತು.

ಅತ್ತೆಯ ಕೈ ತೊಡೆಯ ಮೇಲೆ ಆಡುತ್ತಿತ್ತು. ಹಾಡು ಮುಗಿದಾಗ ಅವರು ಮಗಳನ್ನು ಗದರಿಸಿದರು: “ನಡುವ ತಾಳ ಬಿಟ್ಟಿ. ನಾ ಹಂಗ ಕಲಿಸಿದ್ದಿಲ್ಲ.”

ಸುನಂದಾ ಓಡಿಬಂದು ತಾಯಿಯ ಕಿವಿ ಮುಟ್ಟಿ, ಕೇಳಿಸಿತೇ ಎಂದು ಸನ್ನೆ ಮಾಡಿದಳು.

“ಕಿವಿಗಲ್ಲವ್ವಾ. ಕೆಳಗಿಂದ ಬಂತು.”

ತಾಯಿ ಮಗಳು ಅಪ್ಪಿಕೊಂಡರು. ಸುನಂದಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಶಾಸ್ತ್ರೀಯ ವಿವರಣೆಗೆ ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಸಾಗುತ್ತದೆ, ಇದನ್ನೆಲ್ಲ ಯೋಚಿಸಿಯೇ ಈ ಸ್ಪೀಕರನ್ನು ಆರಿಸಿದ್ದೆ ಎಂದು ಕೈಯಾಡಿಸುತ್ತ ಹೇಳತೊಡಗಿದೆ.

ಅತ್ತೆ ನನ್ನ ಬಾಯಿ ಆಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸ್ಪೀಕರನ್ನು ತಟ್ಟಿ ಹೇಳಿದರು:

“ಅಳಿಯಾರ, ಕುರ್ಚಿ ಚಲೋ ತಂದೀರಿ. ಮುಂದಿನ ವರ್ಷ ಬೆನ್ನಿಗೆ ಆಸರ ಇದ್ದದ್ದು ನೋಡಿ ತರ್ರಿ.”