ಎದೆಯ ನರ ಸತ್ತ ವರ್ಷ

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎನ್ನುವುದು ಜಮಖಂಡಿಯಲ್ಲಿ ನಮ್ಮ ಓಣಿಗೆಲ್ಲ ಗೊತ್ತಿರುವ ಸಂಗತಿ. ನನ್ನ ಮೈಯೊಳಗೂ ನನ್ನ ಮಾತು ನಡೆಯುವುದಿಲ್ಲ ಎನ್ನುವುದನ್ನಂತೂ ನಾನು ಸಂಬಳ ತೆಗೆದುಕೊಂಡು ಮಕ್ಕಳಿಗೆ ಕಲಿಸಿದವನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹೃದಯ, ಜಠರ, ಕರುಳು, ಮೂತ್ರಕೋಶ ಇವು ಯಾವುವೂ ನಮ್ಮ ಅಪ್ಪಣೆ ಕೇಳುವುದಿಲ್ಲ. ಬೆನ್ನುಹುರಿಯ ಕಡೆಯಿಂದ ಒಂದು ಬಗೆಯ ನರ ಬಂದು ಹೃದಯಕ್ಕೆ ‘ಓಡು’ ಎನ್ನುತ್ತದೆ, ಮೆದುಳಿನ ಬುಡದಿಂದ ಇನ್ನೊಂದು ಇಳಿದು ಬಂದು ‘ಸಾಕು, ನಿಧಾನ’ ಎನ್ನುತ್ತದೆ ಎಂದು ಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಹುಲಿ ಕಂಡರೆ ಎದೆ ಡವಗುಟ್ಟುತ್ತದೆ ಎಂದು ಪುಸ್ತಕದಲ್ಲಿತ್ತು. ಜಮಖಂಡಿಗೆ ಹುಲಿಯನ್ನು ಎಲ್ಲಿಂದ ತರುವುದು? ಹೆಡ್‌ಮಾಸ್ತರರನ್ನೇ ಉದಾಹರಣೆಗೆ ಇಟ್ಟುಕೊಂಡು ಪಾಠ ಮುಗಿಸುತ್ತಿದ್ದೆ. ಮಕ್ಕಳಿಗೆ ಬೇಗ ತಿಳಿಯುತ್ತಿತ್ತು.

ನಿವೃತ್ತನಾದ ಮೇಲೆ ಆ ಪಾಠ ನನ್ನ ಬೆನ್ನು ಹತ್ತಿತು. ಊಟಕ್ಕೆ ನೆಲದ ಮೇಲೆ ಕೂತವನು ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಮಧ್ಯಾಹ್ನ ತಿಂದ ರೊಟ್ಟಿ ಸಂಜೆಯಾದರೂ ಹೊಟ್ಟೆಯಲ್ಲಿ ಹಾಗೇ ಠಿಕಾಣಿ ಹೂಡಿರುತ್ತಿತ್ತು. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇದೆ. ಕಡೆಗೆ ನನ್ನ ಹೆಂಡತಿ ಮಹಾದೇವಿ, “ಗ್ವಾಡಿ ಹಿಡಕೊಂಡ ಎಷ್ಟ ದಿನಾ ಅಡ್ಯಾಡ್ತೀರಿ? ನಡೀರಿ ಮುಧೋಳಕ್ಕ” ಎಂದು ಮುಧೋಳದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಹಳೆಯ ಚೀಟಿ, ವರದಿಗಳ ಫೈಲನ್ನೂ ಅವಳೇ ಚೀಲಕ್ಕೆ ಹಾಕಿಕೊಂಡಿದ್ದಳು. ನನ್ನನ್ನು ಬಿಟ್ಟು ಬೇರೆಲ್ಲವನ್ನೂ ಅವಳು ಜೋಪಾನವಾಗಿ ಇಡುತ್ತಾಳೆ ಎಂದು ನಾನು ಆಗಾಗ ಹೇಳುವುದುಂಟು. ಅದು ಸುಳ್ಳು, ನನ್ನನ್ನೂ ಇಟ್ಟಿದ್ದಾಳೆ.

ಡಾಕ್ಟರು ನನ್ನ ವಿದ್ಯಾರ್ಥಿಯ ವಯಸ್ಸಿನವರು. ಎದೆಗೆ ವಾಯರು ಅಂಟಿಸಿ ಮಲಗಿಸಿದರು. ದೀರ್ಘವಾಗಿ ಉಸಿರು ಎಳೆಯಿರಿ, ಬಿಡಿ ಎಂದರು. ಥಟ್ಟನೆ ಎದ್ದು ನಿಲ್ಲಿರಿ ಎಂದರು. ಯಂತ್ರ ಉದ್ದನೆಯ ಕಾಗದ ಕಕ್ಕಿತು. ಮಹಾದೇವಿ ರಬಕವಿಯ ನೇಕಾರರ ಮನೆಯ ಮಗಳು. ಮಗ್ಗದ ಮುಂದೆ ಬೆಳೆದವಳಿಗೆ ಗೆರೆಗಳೆಂದರೆ ಎಳೆಗಳೇ. ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, “ಛಲೋ ಐತೆಲ್ರೀ ಡಾಕ್ಟ್ರ, ಎಳಿ ಎಳಿ ಎಷ್ಟ ಸಮ ಬಂದಾವ” ಎಂದಳು.

“ಸಮ ಬರಬಾರದ್ರಿ ಅಕ್ಕಾರ” ಎಂದರು ಡಾಕ್ಟರು. “ಉಸರ ಎಳದಾಗ ಎದಿ ಒಂಚೂರು ಜೋರ ಆಗಬೇಕ, ಬಿಟ್ಟಾಗ ಸಾವಕಾಶ ಆಗಬೇಕ. ಸರ್ ಅವರದು ಬಡಿತ ನಿಮಿಷಕ್ಕ ಮಲಗಿದ್ರೂ ತೊಂಬತ್ತೆರಡು, ನಿಂತ್ರೂ ತೊಂಬತ್ತೆರಡು. ಎದಿಗೆ ಹೋಗೋ ನರಾ ಸಕ್ಕರಿಯಿಂದ ಸತ್ತಾವ. ನಾಳೆ ಹಾರ್ಟ್ ಅಟ್ಯಾಕ್ ಆದ್ರೂ ಇವರಿಗೆ ನೋವು ಗೊತ್ತಾಗಾಕಿಲ್ಲ. ಮೈಮ್ಯಾಲೆ ಖಬರ್ ಇರಲಿ.”

ಬೇರೆ ಯಾರಾದರೂ ಆಗಿದ್ದರೆ ಹೆದರಬೇಕಾದ ಮಾತು. ನನಗೆ ಮಾತ್ರ ಖುಷಿಯಾಯಿತು, ಅದೂ ಕುರ್ಚಿಯಲ್ಲಿ ನೆಟ್ಟಗೆ ಕೂರುವಷ್ಟು ಖುಷಿ. ಅದು ಯಾಕೆಂದು ತಿಳಿಯಬೇಕಾದರೆ ನಾನು ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಕಥೆ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೆ ಇಷ್ಟು ದೂರ ಬಂದಾಗಿದೆ.

ನಮ್ಮ ಕಡೆ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಹತ್ತಿರದವರು ಒಲೆ ಆರಿಸಿಬಿಡುತ್ತಾರೆ. ಹೆಣ ಮಣ್ಣು ಮಾಡಿ ಮುಗಿಯುವ ತನಕ ಬಾಯಿಗೆ ತುತ್ತು ಇಲ್ಲ. ಅದಕ್ಕೇ ಸುದ್ದಿ ತಂದವನು ಜಾಣನಾದರೆ ಮನೆಯವರ ಊಟವಾಗುವ ತನಕ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ. ಈ ಜಾಣತನ ಇನ್ನೊಬ್ಬರ ಹೊಟ್ಟೆಗಾಗಿ ಇರುವಂಥದ್ದು. ಆ ದಿನ ನನ್ನ ಮೈದುನ ರಬಕವಿಯಿಂದ ಫೋನು ಮಾಡಿ, “ಮಾಮಾರ, ಅಪ್ಪ ಹ್ವಾದ್ರಿ. ಅಕ್ಕಗ ಸಾವಕಾಶ ಹೇಳ್ರಿ” ಎಂದ. ಮಹಾದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಯಾರದ್ರಿ ಫೋನು?” ಎಂದಳು. “ಸಾಲಿದು, ಹೆಡ್‌ಮಾಸ್ತರರದು” ಎಂದೆ. ಎಣ್ಣೆಗಾಯಿಯ ವಾಸನೆ ಮನೆಯೆಲ್ಲ ಹಬ್ಬಿತ್ತು. ಈಗ ಹೇಳಿದರೆ ನಾಳೆಯವರೆಗೆ ಉಪವಾಸ ಎಂದು ಲೆಕ್ಕ ಹಾಕಿ ತಟ್ಟೆಯ ಮುಂದೆ ಕೂತೆ. ಮೂರು ರೊಟ್ಟಿ ತಿಂದೆ. “ಇನ್ನೊಂದ ಹಾಕ್ಲ್ಯಾ? ಬಿಸೆ ಐತಿ” ಎಂದು ಅವಳು ನಗುತ್ತ ಕೇಳಿದಳು, ಹಾಕಿಸಿಕೊಂಡೆ. ಮೊಸರನ್ನ ಉಂಡು, ಕೈ ತೊಳೆದು, ಒರೆಸಿಕೊಂಡು ಬಂದು, ಅವಳು ತನ್ನ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಸುದ್ದಿ ಹೇಳಿದೆ. ಸಾವಕಾಶವಾಗಿಯೇ ಹೇಳಿದೆ.

ಮರುದಿನ ಸಂಜೆ ಮಣ್ಣಾಗುವ ತನಕ ಅವಳು ಬರೀ ನೀರು ಕುಡಿದಳು. ಫೋನು ಮಾಡಿದ್ದು ಎಷ್ಟು ಹೊತ್ತಿಗೆ ಎಂದು ತಮ್ಮನಿಂದ ತಿಳಿದುಕೊಂಡಳು. ಜಗಳವಾಡಲಿಲ್ಲ, ಅಳುತ್ತಲೂ ಹೇಳಲಿಲ್ಲ. “ನಿಮಗ ಎದ್ಯಾಗ ಏನೂ ಇಲ್ರಿ” ಎಂದಳು, ಅಷ್ಟೇ. ಆಮೇಲೆ ಹನ್ನೊಂದು ವರ್ಷ ಅವಳು ನನಗೆ ಎರಡನೆಯ ಸಲ ಏನನ್ನೂ ಬೇಕೇ ಎಂದು ಕೇಳಿಲ್ಲ. ತಟ್ಟೆಗೆ ಎಷ್ಟು ಹಾಕಬೇಕೋ ಅಷ್ಟು ಒಂದೇ ಸಲಕ್ಕೆ ಹಾಕಿ ಒಳಗೆ ಹೋಗುತ್ತಾಳೆ. ಬೇಕಾದರೆ ನಾನೇ ಎದ್ದು ಹಾಕಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ವೈರಿ ಬಂದು ಕೂತರೂ ಇನ್ನೊಂದು ರೊಟ್ಟಿ ಎಂದು ಒತ್ತಾಯ ಮಾಡುತ್ತಾರೆ. ನನಗೆ ಆ ಮರ್ಯಾದೆಯೂ ಉಳಿಯಲಿಲ್ಲ.

ಈಗ ಹೇಳಿ, ಡಾಕ್ಟರರ ಮಾತಿಗೆ ಖುಷಿಯಾಗದೆ ಇರುತ್ತದೆಯೇ? “ಕೇಳಿದ್ಯಾ? ನನ್ನ ತಪ್ಪಲ್ಲ, ನರದ್ದು” ಎಂದು ಅವಳ ಕಡೆ ನೋಡಿದೆ. ಹೃದಯ ಬಡಿಯುವ ನರಕ್ಕೂ ಮಾವನ ಹೆಣ ಇಟ್ಟುಕೊಂಡು ನಾಲ್ಕು ರೊಟ್ಟಿ ತಿನ್ನುವ ಬುದ್ಧಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಯಾವನಾದರೂ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಆದರೆ ಮುಳುಗುವವನಿಗೆ ಪಠ್ಯಪುಸ್ತಕ ನೆನಪಾಗುವುದಿಲ್ಲ.

ಮಹಾದೇವಿ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದಳು: “ಡಾಕ್ಟ್ರ, ಈ ನರಾ ಸತ್ತು ಎಷ್ಟ ವರ್ಷ ಆಗಿರಬೇಕ್ರಿ?”

“ನಾಕೈದ ವರ್ಷ ಆಗಿರಬಹುದ್ರಿ.”

“ಹನ್ನೆರಡ ವರ್ಷ ಯಾಕ ಆಗಿರಬಾರದು? ಸಕ್ಕರಿ ಗೊತ್ತಾಗೂಕ್ಕಿಂತ ಮೊದ್ಲನ ಸತ್ತಿರಬಹುದಲ್ರಿ” ಎಂದೆ, ಚೌಕಾಸಿ ಮಾಡುವವನ ಹಾಗೆ. ಡಾಕ್ಟರು ಮಹಾದೇವಿ ತಂದ ಫೈಲು ತಿರುವಿದರು. ಆರು ವರ್ಷದ ಹಿಂದೆ ಹರ್ನಿಯಾ ಆಪರೇಷನ್ನಿಗೆ ಮೊದಲು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನನ್ನನ್ನು ನಡೆಸಿ ತೆಗೆದ ಕಾಗದ ಸಿಕ್ಕಿತು. “ಇಲ್ಲ ಸರ್, ನೋಡ್ರಿಲ್ಲೆ. ಆವಾಗ ನಿಮ್ಮ ಎದಿ ಕುದರಿ ಓಡಿದಂಗ ಓಡೇತಿ. ಎಲ್ಲಾ ನರಾ ಛಲೋ ಇದ್ದುವು” ಎಂದು ನನಗೆ ಧೈರ್ಯ ತುಂಬುವ ದನಿಯಲ್ಲಿ ಹೇಳಿದರು.

ವಾಪಸು ಬರುವಾಗ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ತೆವಳುತ್ತಿತ್ತು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಫೈಲಿದ್ದ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ನಾ ಏನ ತಿಳಕೊಂಡಿದ್ನಿ ಗೊತ್ತೇನ್ರಿ?” ಎಂದಳು. “ದೇವರು ಈ ಮನಷ್ಯಾನ ಎದ್ಯಾಗ ಏನೂ ಇಟ್ಟಽ ಇಲ್ಲ, ಪಾಪ ಇವರಾದ್ರೂ ಏನ ಮಾಡ್ಯಾರು ಅಂತ ಸಮಾಧಾನ ಮಾಡಕೊಂಡಿದ್ನಿ. ಇವತ್ತ ಗೊತ್ತಾತು. ಎಲ್ಲಾ ಇತ್ತು.”

ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಆಗದಷ್ಟು ಆಯಿತು. ನಾಚಿಕೆಯಾದಾಗ ಎದೆ ಓಡುತ್ತದೆ, ಮುಖ ಕೆಂಪೇರುತ್ತದೆ ಎಂದು ಕಲಿಸಿದವನು ನಾನೇ. ಆ ಓಟವನ್ನಾದರೂ ಅವಳಿಗೆ ತೋರಿಸೋಣವೆಂದು ಮಣಿಕಟ್ಟಿನ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಎಣಿಸಿದೆ.

“ಎಷ್ಟ ಅದಾವ್ರಿ?” ಎಂದಳು.

“ತೊಂಬತ್ತೆರಡು.”

“ಅಷ್ಟಽ ಇದ್ದುವಲ್ಲ ದವಾಖಾನ್ಯಾಗೂ” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ನಾಚಿಕೆಯಾಗಿದೆ ಎಂದು ಬಾಯಿ ಬಿಟ್ಟು ಹೇಳಬಹುದಿತ್ತು. ನಾಲಿಗೆಯ ನರ ಬೇರೆ ಜಾತಿಯದು, ನಾವು ಹೇಳಿದ ಹಾಗೆ ಕೇಳುವಂಥದ್ದು, ಸತ್ತೂ ಇರಲಿಲ್ಲ. ಜಮಖಂಡಿ ಬರುವ ತನಕ ನಾನು ನಾಡಿ ಎಣಿಸುತ್ತ ಕೂತಿದ್ದೆ.