ಗ್ಯಾರೇಜಿನ ಮೇಲಿನ ಆಷಾಢ

ಕದ್ದು ತಿಂದ ಮಾವಿನಕಾಯಿಯ ರುಚಿಯನ್ನು ಎಲ್ಲರೂ ಹೊಗಳುತ್ತಾರೆ. ಕದ್ದು ಮಾಡಿದ ನಿದ್ದೆಯ ರುಚಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ, ಯಾರ ಮಂಚದ ಮೇಲೆ ಮಲಗಿದ್ದೆ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ. ನಾನು ಹೇಳಿಯೇ ಬಿಡುತ್ತೇನೆ. ನಾನು ಮಲಗಿದ್ದು ಒಡಹುಟ್ಟಿದ ಅಕ್ಕನ ಮಂಚದ ಮೇಲೆ, ಅವಳಿಗಾಗಿಯೇ ಸಿದ್ಧಪಡಿಸಿದ ಕೋಣೆಯಲ್ಲಿ, ಅವಳನ್ನು ಹೊರಗೇ ನಿಲ್ಲಿಸಿ.

ನಮ್ಮ ಮನೆ ಫರೀದಾಬಾದಿನಲ್ಲಿದೆ. ನಾನು ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕೊರೆಯುವವನು. ಎಂಟನೆಯ ತರಗತಿಯಲ್ಲಿ ನಾನೂ ಶಾಲೆಯೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಆಗ ದಿಲ್ಲಿಯಲ್ಲಿ ಸರ್ಕಾರಿ ಗುಮಾಸ್ತೆಯಾಗಿದ್ದ ಸರೋಜಕ್ಕ ನನ್ನನ್ನು ಊರಿನಿಂದ ಕರೆಸಿಕೊಂಡು, ಲೋಧಿ ಕಾಲೋನಿಯ ತನ್ನ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು, ಕೆಲಸ ಕಲಿಯಲು ಹಚ್ಚಿ, ಕಡೆಗೆ ಮದುವೆಯನ್ನೂ ಮಾಡಿದಳು. ಈ ಗಡಿಬಿಡಿಯಲ್ಲಿ ತನ್ನ ಮದುವೆಯ ವಿಷಯ ಅವಳಿಗೆ ಮರೆತೇ ಹೋಯಿತು ಎಂದು ಕಾಣುತ್ತದೆ. ಕಳೆದ ಚಳಿಗಾಲದಲ್ಲಿ ನಿವೃತ್ತಳಾದಳು, ಕ್ವಾರ್ಟರ್ಸ್ ಬಿಟ್ಟಳು. ಸದ್ಯಕ್ಕಿರಲಿ ಎಂದು ಲಕ್ಷ್ಮೀ ನಗರದಲ್ಲಿ ಟೆರೇಸಿನ ಒಂದು ಬಾಡಿಗೆ ಕೋಣೆ ಹಿಡಿದಳು. ತಲೆಯ ಮೇಲೆ ಸೂರ್ಯ, ಕಾಲಡಿಯಲ್ಲಿ ಕೋಚಿಂಗ್ ಮೇಷ್ಟ್ರ ಮೈಕು. "ಹೋಳಿ ಕಳೆಯಲಿ ಅಕ್ಕಾ, ನಮ್ಮ ಗ್ಯಾರೇಜಿನ ಮೇಲಿನ ಕೋಣೆ ಸರಿಮಾಡಿಸಿ ನಿನ್ನ ಕರ್ಕೊಂಡು ಬರ್ತೀನಿ" ಎಂದು ನಾನೇ ಮಾತು ಕೊಟ್ಟಿದ್ದೆ.

ಆ ಕೋಣೆಯ ಪೂರ್ವಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲ. ಪಶ್ಚಿಮಕ್ಕೆ ಬರಿಯ ಗೋಡೆ, ಮೇಲೆ ತೆಳ್ಳನೆಯ ಸ್ಲ್ಯಾಬು, ಕೆಳಗೆ ಈಗಷ್ಟೇ ರಸ್ತೆಯಿಂದ ಬಂದು ಬುಸುಗುಡುತ್ತಿರುವ ಕಾರು. ನನ್ನ ಹೆಂಡತಿ ಗಿರಿಜಾ ಸಂಡಿಗೆಯನ್ನು ಬಿಸಿಲಿಗೆ ಒಯ್ಯುತ್ತಿರಲಿಲ್ಲ. ಆ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಿದ್ದಳು. ಸಂಜೆಗೆ ಗರಿಗರಿ. ಅಂಥ ಜಾಗದಲ್ಲಿ ಅಕ್ಕನನ್ನು ಇಟ್ಟರೆ ಅವಳದೂ ಅದೇ ಗತಿ. ಆದ್ದರಿಂದ ಮಿಸ್ತ್ರಿಯನ್ನು ಕರೆಸಿದೆ. ಅವನು ಗೋಡೆಗೆ ಕೈಯಿಟ್ಟು, ಸುಟ್ಟುಕೊಂಡವನಂತೆ ಹಿಂದೆ ತೆಗೆದು, "ಭಾಯಿಸಾಬ್, ಇಸ್ ಕಮರೇ ಕೋ ರಜಾಯಿ ಪೆಹನಾನಿ ಪಡೇಗಿ" ಎಂದ. ಕೋಣೆಗೆ ರಜಾಯಿ ತೊಡಿಸಬೇಕಂತೆ! ಚಳಿಗಾಲದಲ್ಲಿ ನಾವು ಹೊದೆಯುವುದನ್ನು ಬೇಸಿಗೆಯಲ್ಲಿ ಗೋಡೆಗೆ ಹೊದಿಸುವುದು ನನಗೆ ಅರ್ಥವಾಗಲಿಲ್ಲ. ಆದರೂ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ. ಶಾಲೆಯಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ರಜಾಯಿ ಎಂದರೆ ಗಾಜಿನ ಉಣ್ಣೆ. ನೋಡಲು ಹಳದಿ ಬೊಂಬಾಯಿ ಮಿಠಾಯಿ. "ಬರಿಗೈಲಿ ಮುಟ್ಟಬೇಡಿ" ಎಂದು ಅವನು ಹೇಳಿದ ಕೂಡಲೇ ನಾನು ಮುಟ್ಟಿದೆ. ಮುಟ್ಟಿದ ಕೈಯಲ್ಲೇ ಕುತ್ತಿಗೆ ತುರಿಸಿಕೊಂಡೆ, ಆಮೇಲೆ ಬೆನ್ನು. ಗಿರಿಜಾ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ರೂಮಿಗೆ ಬಟ್ಟೆ ಹಾಕಿ ಅಂದ್ರೆ ನೀವೇ ಹಾಕ್ಕೊಂಡ್ರಲ್ಲ" ಎಂದಳು. ಅಂತೂ ಗೋಡೆಗೂ ಸೂರಿಗೂ ಚೌಕಟ್ಟು ಬಡಿದು, ಉಣ್ಣೆ ತುಂಬಿ, ಮೇಲೆ ಜಿಪ್ಸಮ್ ಹಲಗೆ ಹೊಡೆದು, ಗ್ಯಾರೇಜಿನ ಒಳಸೂರಿಗೆ ಥರ್ಮೊಕೋಲ್ ಅಂಟಿಸಿ, ಗೋಡೆ ನುಣುಪಾಗಲು ಪುಟ್ಟಿ ಬಳಿದು, ಅಕ್ಕ ಕೇಳಿದ್ದ ಬೆಣ್ಣೆ ಬಣ್ಣ ಹಚ್ಚುವಾಗ ಜೇಠ, ಅಂದರೆ ಜ್ಯೇಷ್ಠ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಎಸಿ, ಒಂದು ಮಂಚ, ಹೊಸ ಹಾಸಿಗೆ. ಮುಗಿಯಿತು.

ಮುಗಿದದ್ದೇ ತಪ್ಪಾಯಿತು. ನಮ್ಮ ಕಸುಬಿನಲ್ಲಿ ಪರೀಕ್ಷೆ ಮಾಡದೆ ಯಾವ ಮಾಲನ್ನೂ ಗಿರಾಕಿಗೆ ಕೊಡುವುದಿಲ್ಲ. ಅದೇ ಅಭ್ಯಾಸದಲ್ಲಿ, ಒಂದು ಭಾನುವಾರ ಊಟವಾದ ಮೇಲೆ ಪರೀಕ್ಷೆಗೆಂದು ಮೇಲೆ ಹೋಗಿ ಮಲಗಿದೆ. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿದೆ, ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿದೆ. ಒಳಗೆ ಕಾರ್ತಿಕ ಮಾಸ. ಎಚ್ಚರವಾದಾಗ ಗಿರಿಜಾ ದೀಪ ಹಚ್ಚುತ್ತಿದ್ದಳು. ಒಂದು ಪರೀಕ್ಷೆ ಸಾಲದು ಎನಿಸಿತು. ವರ್ಕ್‌ಶಾಪು ಹತ್ತಿರವೇ ಇದ್ದುದರಿಂದ ಮಾರನೆಯ ದಿನದಿಂದ ಮಧ್ಯಾಹ್ನದ ಊಟಕ್ಕೆ ಮನೆಗೇ ಬರತೊಡಗಿದೆ.

ಅಕ್ಕ ಫೋನು ಮಾಡುವುದೂ ಅದೇ ಹೊತ್ತಿಗೆ. "ಎಲ್ಲಿಗೆ ಬಂತೋ ಕೆಲಸ?"

"ನಡೀತಾ ಇದೆ ಅಕ್ಕಾ. ಪುಟ್ಟಿ ಇನ್ನೂ ಹಸಿ ಇದೆ" ಎಂದೆ, ಅದೇ ಪುಟ್ಟಿಯ ಗೋಡೆಗೆ ಕಾಲು ಚಾಚಿಕೊಂಡು.

ಇನ್ನೊಂದು ಸಲ ಬಣ್ಣದ ವಾಸನೆ ಹೋಗಿಲ್ಲ ಎಂದೆ. ಪುಟ್ಟಿಯೂ ಬಣ್ಣವೂ ಎಷ್ಟು ದಿನ ಒಣಗದೆ ಇದ್ದಾವು? ಆಗ ನನ್ನ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಕ್ಯಾಲೆಂಡರುಗಳು. ದಿಲ್ಲಿಯ ಕನ್ನಡದವರ ಮನೆಯಲ್ಲಿ ಎರಡಿರುತ್ತವೆ, ಮಿಠಾಯಿ ಅಂಗಡಿಯವನು ಕೊಟ್ಟ ಹಿಂದಿಯದು ಒಂದು, ಊರಿನಿಂದ ತರಿಸಿದ್ದು ಒಂದು. ಇಲ್ಲಿಯವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಇವರ ಆಷಾಢ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಬರುತ್ತದೆ, ಮೊದಲೇ ಹೋಗುತ್ತದೆ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹಿಂದಿ ಕ್ಯಾಲೆಂಡರಿನಲ್ಲಿ ಆಷಾಢ ಹುಟ್ಟಿದ ದಿನವೇ ನಾನು ಅಕ್ಕನಿಗೆ, "ಆಷಾಢ ಬಂತಲ್ಲಕ್ಕಾ, ಕಳೀಲಿ" ಎಂದೆ. ಗಿರಿಜಾ ಕೇಳಿದರೆ, "ಆಷಾಢ ಮುಗಿಯೋ ತನಕ ಬರಲ್ಲ ಅಂತ ಅಕ್ಕಾನೇ ಹೇಳಿದಾಳೆ" ಎಂದೆ. ಮುಗಿಸುವಾಗ ಊರಿನ ಕ್ಯಾಲೆಂಡರಿನಂತೆ ಮುಗಿಸುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ಲೆಕ್ಕದಲ್ಲಿ ಫೇಲಾದವನ ಲೆಕ್ಕ ಇದು.

ಇಲ್ಲಿಯವರ ಆಷಾಢ ಮುಗಿಯುವ ಗುರುಪೂರ್ಣಿಮೆಯ ಹೊತ್ತಿಗೆ ಅಕ್ಕ ಮತ್ತೆ ಫೋನು ಮಾಡಿದಳು. ದನಿ ಎಂದಿನಂತಿರಲಿಲ್ಲ. "ಮನೆ ಮಾಲೀಕ ಇನ್ನೊಂದು ವರ್ಷ ಇರ್ತೀರಾ ಅಂತ ಕೇಳ್ತಿದಾನೆ. ಏನ್ ಹೇಳ್ಲೋ? ನಿಮಗೆ ತೊಂದರೆ ಆಗೋದಾದ್ರೆ..." "ಸ್ವಲ್ಪ ತಡಿ ಅಕ್ಕಾ" ಎಂದೆ. ಅವಳು "ಅಚ್ಛಾ" ಎಂದಷ್ಟೇ ಹೇಳಿ ಇಟ್ಟಳು. ಆ ಮಧ್ಯಾಹ್ನ ನಿದ್ದೆ ಸರಿಯಾಗಿ ಹತ್ತಲಿಲ್ಲ. ಲೋಧಿ ಕಾಲೋನಿಯ ಮನೆಯಲ್ಲಿ ಇದ್ದ ಒಂದೇ ಕೂಲರಿನ ಎದುರು ನನ್ನನ್ನು ಮಲಗಿಸಿ, "ನೀನು ದಿನವಿಡೀ ಮೆಷಿನ್ ಮುಂದೆ ನಿಲ್ತೀಯ" ಎಂದು ಅವಳು ಒದ್ದೆ ಟವೆಲು ಹೊದ್ದು ಮಲಗುತ್ತಿದ್ದುದು ನೆನಪಾಯಿತು. ನಾಳೆಯೇ ಹೋಗಿ ಕರೆತರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದರಿಂದ ಮನಸ್ಸು ಎಷ್ಟು ಹಗುರವಾಯಿತೆಂದರೆ, ನಿದ್ದೆ ಬಂದೇಬಿಟ್ಟಿತು.

ಎರಡು ದಿನವಾದ ಮೇಲೆ, ಮಳೆ ಬಂದೂ ಬಾರದೆ ಊರೆಲ್ಲ ಬೆವರುತ್ತಿದ್ದಾಗ, ಅಕ್ಕ ತಾನಾಗಿಯೇ ಮೆಟ್ರೋ ಹತ್ತಿ ಬಂದಳು. ಬಾಗಿಲು ತೆರೆದ ಗಿರಿಜಾ, "ಅಯ್ಯೋ ಅಕ್ಕಾ, ಆಷಾಢ ಮುಗಿಯೋ ತನಕ ಬರಲ್ಲ ಅಂದ್ರಂತಲ್ಲ!" ಎಂದಳಂತೆ. "ನಾನೆಲ್ಲಿ ಅಂದೆ? ಆಷಾಢ ಅಂದವನು ಅವನೇ. ಕೋಣೆ ಕೆಲಸವೂ ಮುಗಿದಿಲ್ಲವಂತಲ್ಲ" ಎಂದಳಂತೆ ಅಕ್ಕ. ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದ ನನ್ನ ಮಗಳು ಫೋನಿನಿಂದ ತಲೆ ಎತ್ತದೆ, "ಕೆಲಸ ತೋ ಕಬ್ ಕಾ ಮುಗೀತು ಅತ್ತೆ. ಪಪ್ಪಾ ರೋಜ್ ವಹೀಂ ಸೋತೇ ಹೈಂ" ಎಂದು, ಕೆಲಸ ಯಾವಾಗಲೋ ಮುಗಿದದ್ದನ್ನೂ ದಿನನಿತ್ಯದ ನನ್ನ ನಿದ್ದೆಯನ್ನೂ ಬಯಲಿಗೆಳೆದಳಂತೆ.

ನಾನು ಕಣ್ಣು ಬಿಟ್ಟಾಗ ಮಂಚದ ಕಾಲ ಬಳಿ ಅಕ್ಕ ನಿಂತಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು. ನಾನು ಕಂಬಳಿ ಹೊದ್ದಿದ್ದೆ.

"ಏನೋ, ನಿನಗೊಬ್ಬನಿಗೇ ಶ್ರಾವಣ ಬಂತಾ?"

"ಇಲ್ಲಕ್ಕಾ, ನಮ್ಮ ಕ್ಯಾಲೆಂಡರಿನಲ್ಲಿ ಇನ್ನೂ ಆಷಾಢಾನೇ..."

"ಹಿಡಿಯೋದಕ್ಕೆ ದಿಲ್ಲಿ ಪಂಚಾಂಗ, ಬಿಡೋದಕ್ಕೆ ಊರಿನ ಪಂಚಾಂಗ! ಜೀವನವೆಲ್ಲಾ ಆಫೀಸಿನಲ್ಲಿ ರಜದ ಅರ್ಜಿ ನೋಡಿದವಳು ಕಣೋ ನಾನು." ಆಮೇಲೆ ದನಿ ತಗ್ಗಿಸಿದಳು. "ಗಿರಿಜಾಗೆ ನಾನು ಬರೋದು ಇಷ್ಟ ಇಲ್ಲ, ನೀನು ಹೇಳೋಕಾಗದೆ ಒದ್ದಾಡ್ತಿದೀಯ ಅಂದ್ಕೊಂಡಿದ್ದೆ. ಅಲ್ಲೇ ಇರ್ತೀನಿ, ಚಿಂತೆ ಮಾಡಬೇಡ ಅಂತ ಹೇಳೋಕೇ ಬಂದೆ."

ನಾನು ಕಂಬಳಿಯ ಸಮೇತ ಎದ್ದು ಅವಳ ಕಾಲು ಹಿಡಿದೆ. "ನಿದ್ದೆ ಅಕ್ಕಾ, ಬರೀ ನಿದ್ದೆ. ಬೇರೆ ಏನೂ ಇಲ್ಲ" ಎಂದೆ. ಹಿಂದೆ ನಿಂತಿದ್ದ ಗಿರಿಜಾಳ ಕಣ್ಣಲ್ಲಿ ನನಗಾಗಿ ಇನ್ನೊಂದು ಮೂಟೆ ಗಾಜಿನ ಉಣ್ಣೆ ಕಾಣಿಸಿತು. ಅಕ್ಕ ಮಂಚದ ಮೇಲೆ ಕುಳಿತು, ಗೋಡೆಗೆ ಅಂಗೈ ಇಟ್ಟಳು. "ತಣ್ಣಗಿದೆ ಕಣೋ" ಎಂದಳು. ಮಾತಾಡುತ್ತಲೇ ಒರಗಿದಳು, ಒರಗಿದಲ್ಲೇ ನಿದ್ದೆ ಹೋದಳು. ಎದ್ದ ಮೇಲೆ ಮನೆ ಮಾಲೀಕನಿಗೆ ತಾನೇ ಫೋನು ಮಾಡಿ, "ನಹೀಂ ಭಯ್ಯಾ, ಕಿಸೀ ಔರ್ ಕೋ ದೇ ದೋ" ಎಂದು ಕೋಣೆಯನ್ನು ಬೇರೆ ಯಾರಿಗಾದರೂ ಕೊಡಲು ಹೇಳಿದಳು. ಗಿರಿಜಾ ಹಾಲು ಉಕ್ಕಿಸಲು ಪಾತ್ರೆ ತಂದಳು. ಯಾವ ಕ್ಯಾಲೆಂಡರನ್ನೂ ಯಾರೂ ನೋಡಲಿಲ್ಲ.

ಈಗ ಮಂಚ ಅಕ್ಕನದು. ಮಧ್ಯಾಹ್ನ ನನಗೂ ಅನುಮತಿಯಿದೆ, ನೆಲದ ಮೇಲೆ, ಚಾಪೆ ಹಾಸಿಕೊಂಡು, ಗೊರಕೆ ಹೊಡೆಯದಿದ್ದರೆ. ಪಕ್ಕದ ಮನೆಯ ಪಂಜಾಬಿ ಆಂಟಿಗೆ ಇದೊಂದು ದೊಡ್ಡ ವಿಸ್ಮಯ. "ಅಕ್ಕ ಬಂದಾಗಿನಿಂದ ಮಧ್ಯಾಹ್ನ ಕೆಲಸ ಬಿಟ್ಟು ಬಂದು ಅವರ ಹತ್ತಿರವೇ ಇರುತ್ತಾನೆ, ತಮ್ಮ ಅಂದರೆ ಹೀಗಿರಬೇಕು" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಮೊನ್ನೆ ನನ್ನ ತಲೆ ನೇವರಿಸಿ ಆಶೀರ್ವಾದವನ್ನೂ ಮಾಡಿದರು. ಅವರಿಗೆ ನಿಜ ಹೇಳಬೇಕು, ಹೇಳುವವನೇ. ಈ ಸೆಕೆಯೊಂದು ಕಳೆಯಲಿ.